ಒಂದು ನಂಬರಿಗೆ ಒಂದೇ ಹೆಸರು

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಉಳಿದ ಬಾಳೆಹಣ್ಣಿನಂಥದ್ದಲ್ಲ. ಸಿಪ್ಪೆ ಸುಲಿಯುವ ಮೊದಲೇ ಮೂಗಿಗೆ ಬಂದು ಕೂಡುತ್ತದೆ. ಕಳೆದ ತಿಂಗಳು ಕಲಬುರಗಿಯ ಕಾಳುಕಡಿಯ ಪೇಟೆ ನೆಹರು ಗಂಜಿನ ಮುಂದೆ ಆಟೋ ಕಾಯುತ್ತ ನಿಂತಿದ್ದಾಗ ಒಂದು ತಳ್ಳುಗಾಡಿ ಪಕ್ಕಕ್ಕೇ ಬಂದು ನಿಂತಿತು. ಬೇಳೆಯ ಧೂಳು, ಗೋಣಿಚೀಲ, ಲಾರಿಯ ಹೊಗೆ ಎಲ್ಲವನ್ನೂ ದಾಟಿ ಆ ವಾಸನೆ ನನ್ನನ್ನು ಹಿಡಿಯಿತು. ಒಂದು ಡಜನ್ ಕೊಂಡೆ. ಮನೆಗೆ ಹೋಗಬೇಕಾದವಳು ಬಸ್ ಸ್ಟ್ಯಾಂಡಿಗೆ ಹೋಗಿ ಕಮಲಾಪುರದ ಬಸ್ ಹತ್ತಿಬಿಟ್ಟೆ. ಕಮಲಾಪುರದ ಹಣ್ಣನ್ನು ಪೇಟೆಯಲ್ಲಿ ಕೊಂಡು ವಾಪಸ್ ಕಮಲಾಪುರಕ್ಕೇ ಒಯ್ದ ಜಾಣೆ ನಾನೊಬ್ಬಳೇ ಇರಬೇಕು. ಆದರೆ ಜಗದೇವಿಯ ಮನೆಗೆ ಇಷ್ಟು ವರ್ಷದ ಮೇಲೆ ಬರಿಗೈಯಲ್ಲಿ ಹೋಗಲು ನನಗೆ ಮನಸ್ಸಾಗಲಿಲ್ಲ.

ಬಸ್ಸು ಊರು ದಾಟಿ ತೊಗರಿ ಹೊಲಗಳ ನಡುವೆ ಓಡತೊಡಗಿದಾಗ ಆ ಮಳೆಗಾಲ ಪೂರ್ತಿ ನೆನಪಾಯಿತು. ನಾನಾಗ ಶಿಕ್ಷಣಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ವಿಶ್ವವಿದ್ಯಾಲಯದ ಹತ್ತಿರ ಕುಸನೂರಿನಲ್ಲಿ ಗೆಳತಿಯೊಬ್ಬಳ ಜೊತೆ ಖೋಲಿ ಹಿಡಿದು, ಸಿಕ್ಕಸಿಕ್ಕಲ್ಲೆಲ್ಲ ಅರ್ಜಿ ಹಾಕುತ್ತ ಕೂತಿದ್ದೆ. ಒಂದು ಸಂಸ್ಥೆಯವರು ಕರೆದರು. ಅವರು ಶಿಶುವಿಹಾರದ ಶಿಕ್ಷಕಿಯರಾಗಬಯಸುವ ಹೆಂಗಸರಿಗೆ ಮನೆಯಲ್ಲೇ ಕೂತು ಫೋನಿನಲ್ಲಿ ಕಲಿಯುವ ಕೋರ್ಸು ತೆಗೆದಿದ್ದರು. ನನ್ನ ಕೆಲಸ ಊರೂರಿಗೆ ಹೋಗಿ, ಕಲಿಯುವವರ ಪಕ್ಕದಲ್ಲಿ ಕೂತು, ಆ ಆ್ಯಪ್ ಅವರಿಗೆ ಎಲ್ಲಿ ಸಲೀಸು, ಎಲ್ಲಿ ತೊಡಕು ಅನ್ನುವುದನ್ನು ನೋಡಿ ಬರೆದು ಕಳಿಸುವುದು. ಅದಕ್ಕೊಂದು ನಿಯಮವಿತ್ತು. ಬಾಯಿ ಮುಚ್ಚಿಕೊಂಡು ಕೂಡಬೇಕು. ಅವರ ಬೆರಳು ತಪ್ಪು ಕಡೆ ಹೋದರೂ "ಅಲ್ಲಲ್ಲ, ಇಲ್ಲಿ" ಅನ್ನಬಾರದು. ಇದನ್ನು ಕೇಳಿ ನಮ್ಮ ಅವ್ವ ಬಿದ್ದು ಬಿದ್ದು ನಕ್ಕಳು.

"ನೀ? ಸುಮ್ಕ ಕೂಡಾಕ ನಿನಗ ಪಗಾರ ಕೊಡ್ತಾರ? ಅವರಿಗೆ ನಿನ್ನ ಗುರ್ತು ಇನ್ನಾ ಹತ್ತಿಲ್ಲ ಬಿಡು."

ಸುಮ್ಮನೆ ಕೂಡುವುದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ನಮ್ಮ ಕಡೆ ಮನೆಗೆ ಬಂದವರು ತಂದದ್ದಕ್ಕೆ ಯಾರೂ ಹೆಸರಿಡುವುದಿಲ್ಲ. ನಾನು ಚಹಾ ಕುಡಿದು, ಚೂಡಾ ತಿಂದು, "ಆ್ಯಪ್ ಹೆಂಗ ಅನಿಸ್ತದ್ರಿ?" ಅಂತ ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. "ಭಾಳ ಛಲೋ ಅದ ರೀ." ಪಾಠ ತೆರೆಯಲು ಒದ್ದಾಡಿ ಬೆವರಿದವರೂ ಅದನ್ನೇ ಹೇಳುತ್ತಿದ್ದರು. ಹೀಗೆ ಹೊಗಳಿಕೆಯ ಮೂಟೆ ಹೊತ್ತುಕೊಂಡು ಕಲಬುರಗಿಗೆ ವಾಪಸ್ ಬಂದು, ಏನು ಬರೆಯಬೇಕೋ ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದೆ.

ಕಮಲಾಪುರದ ಶಾಂತಾಬಾಯಿ ಅನ್ನುವವರ ಲೆಕ್ಕ ಮಾತ್ರ ಎಲ್ಲರಿಗಿಂತ ಬೇರೆಯಾಗಿತ್ತು. ಪಾಠ ಒಂದೂ ತಪ್ಪಿಲ್ಲ, ಪರೀಕ್ಷೆ ಒಂದೂ ಬಿಟ್ಟಿಲ್ಲ. ಆಫೀಸಿನವರು ಆಕೆಯನ್ನು ಹಾಡಿ ಹೊಗಳುತ್ತಿದ್ದರು. ಜಿಟಿಜಿಟಿ ಮಳೆಯ ಒಂದು ಮುಂಜಾನೆ, ಚಪ್ಪಲಿಗೆ ಅಂಟಿದ ಕರಿಮಣ್ಣನ್ನು ಅವರ ಹೊಸ್ತಿಲ ಕಲ್ಲಿಗೆ ತಿಕ್ಕಿ ಒಳಗೆ ಹೋದೆ. ಕಿಟಕಿಯ ಪಕ್ಕ ನೆಟ್‌ವರ್ಕ್ ಹಿಡಿಯುವ ಜಾಗದಲ್ಲಿ ಒಬ್ಬ ಸಣ್ಣ ವಯಸ್ಸಿನ ಹೆಂಗಸು ಫೋನಿಗೆ ಕಣ್ಣು ನೆಟ್ಟು ಕೂತಿದ್ದಳು.

"ಶಾಂತಾಬಾಯಿ ನೀವೇ ಏನ್ರಿ?"

"ಅಲ್ಲರಿ, ನಾ ಜಗದೇವಿ. ಅಕ್ಕ ಅಲ್ಲಿ ಒಲಿ ಮುಂದ ಅದಾಳ. ಈ ವಾರ ಅಕ್ಕಂದು ಅಡಗಿ ಪಾಳಿ, ನಂದು ಓದೋ ಪಾಳಿ."

ಇಬ್ಬರೂ ನೆಗೆಣ್ಣಿಯರು, ಅಣ್ಣ ತಮ್ಮಂದಿರ ಹೆಂಡಿರು. ಗಂಡಸರು ತಮ್ಮ ತಮ್ಮ ಫೋನು ಜೇಬಿನಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದ ಮೇಲೆ ಮನೆಗೆ ಉಳಿಯುವುದು ಈ ಒಂದೇ ಫೋನು. ಅಡಿಗೆ ಒಂದು ವಾರ ಒಬ್ಬಳದು, ಮುಂದಿನ ವಾರ ಇನ್ನೊಬ್ಬಳದು. ಅದೇ ಪಾಳಿಯನ್ನು ಓದಿಗೂ ಹಚ್ಚಿದ್ದರು. ಒಲೆಯಿಂದ ಬಿಡುವಾದವಳು ಪಾಠ ನೋಡಬೇಕು, ನೋಡಿದ್ದನ್ನು ರೊಟ್ಟಿ ಬಡಿಯುತ್ತಿರುವವಳಿಗೆ ಕೂತು ಹೇಳಬೇಕು. ಆ ಹೇಳಿಕೊಡುವುದನ್ನು ನೋಡಲು ಚೆಂದ. ಜಗದೇವಿ ಮಗುವಿನ ದನಿ ಮಾಡುತ್ತಿದ್ದಳು, ಅಳುತ್ತಿದ್ದಳು, ಹಟ ಹಿಡಿಯುತ್ತಿದ್ದಳು. ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಸಮಾಧಾನ ಮಾಡುವ ಶಿಕ್ಷಕಿಯಾಗುತ್ತಿದ್ದರು. ಅವರ ಅತ್ತೆ ಮೂಲೆಯಲ್ಲಿ ಕೂತು ಸೊಪ್ಪು ಸೋಸುತ್ತ, "ಇಬ್ಬರಿಗೂ ಹುಚ್ಚು ಹಿಡದದ" ಅನ್ನುತ್ತಿದ್ದರು, ಆದರೆ ಸೊಪ್ಪು ಬಿಟ್ಟು ನೋಡುತ್ತಿದ್ದರು.

ಆ ಮನೆಗೆ ನಾನು ಅಗತ್ಯಕ್ಕಿಂತ ಹೆಚ್ಚು ಸಲ ಹೋದೆ ಅಂತ ಒಪ್ಪಿಕೊಳ್ಳುತ್ತೇನೆ. ಮುಖ್ಯ ಕಾರಣ ಜಗದೇವಿ. ಆ ಆ್ಯಪನ್ನು ಮುಖದ ಮೇಲೆ ಹೊಡೆದಂತೆ ಬೈದವಳು ಅವಳೊಬ್ಬಳೇ. ಪಾಠ ಮುಗಿದಾಗೆಲ್ಲ ಅದು "ಮುಗಿಸಿದಿರಾ?" ಅಂತ ಕೇಳುತ್ತಿತ್ತು. ಹೌದು ಅಂತ ಒತ್ತಿದರೆ "ಖಂಡಿತವಾಗಿಯೂ?" ಅಂತ ಮತ್ತೆ ಕೇಳುತ್ತಿತ್ತು.

"ಈ ಫೋನಿಗೆ ನಂಬಿಗಿನೇ ಇಲ್ಲೇನ್ರಿ ಮೇಡಂ? ಒಮ್ಮೆ ಹೂಂ ಅಂದ ಮ್ಯಾಲ ಮತ್ತ ಖರೇನಾ ಅಂತ ಕೇಳ್ತದ. ನಮ್ಮತ್ತಿನೂ ಇಷ್ಟು ಸಂಶಯ ಮಾಡಂಗಿಲ್ಲ."

ಅತ್ತೆ ಅವಳ ಮೇಲೆ ಸೊಪ್ಪಿನ ಕಡ್ಡಿ ಎಸೆದರು. ಎಲ್ಲರೂ ನಕ್ಕೆವು. ನಾನು ಅದನ್ನು ಹಾಗೇ ಬರೆದು ಕಳಿಸಿದೆ. ಬೇರೆ ಊರುಗಳಲ್ಲೂ ಇದೇ ತಕರಾರು ಬಂದಿತ್ತಂತೆ. ಆಫೀಸಿನವರು ಎಲ್ಲ ಕಡೆಯಿಂದಲೂ ಆ ಎರಡನೇ ಪ್ರಶ್ನೆಯನ್ನು ತೆಗೆದುಹಾಕುತ್ತೇವೆ ಅಂದರು. ಕಮಲಾಪುರದ ಅಡಿಗೆಮನೆಯ ಮಾತು ಅಷ್ಟು ದೂರ ತಲುಪಿತಲ್ಲ ಅಂತ ನನಗೆ ಹೆಮ್ಮೆಯೋ ಹೆಮ್ಮೆ.

ನಡುವೆ ಒಮ್ಮೆ ಅವರ ಫೋನಿನ ಪರದೆ ಕೆಟ್ಟಿತು. ಸಹಾಯ ಮಾಡಬಾರದೆಂಬ ನಿಯಮವನ್ನು ಗಾಳಿಗೆ ತೂರಿ ನಾನೇ ಅದನ್ನು ಕಲಬುರಗಿಗೆ ತಂದು ಮೋಮಿನಪುರದ ಒಂದು ಅಂಗಡಿಯಲ್ಲಿ ಕೊಟ್ಟೆ. ಅಂಗಡಿಯವರು ಬಿಚ್ಚಿ ನೋಡಿ, "ಅರೇ ಮೇಡಂ, ಇದರಾಗ ಪೂರಾ ಜ್ವಾಳದ ಆಟಾ ತುಂಬ್ಯದ. ರೊಟ್ಟಿ ಇದರ ಮ್ಯಾಲೇ ಬಡೀತೀರೇನು?" ಅಂತ ನಕ್ಕರು. ಹೊಸ ಪರದೆ ಹಾಕಿಸಿಕೊಂಡು ಹೋದ ದಿನ ಜಗದೇವಿ ನನಗೆ ತನ್ನ ಮನಸ್ಸಿನ ಮಾತು ಹೇಳಿದಳು. ಊರ ಅಂಚಿಗೆ ಹೊಸದಾಗಿ ಒಂದು ಸಣ್ಣ ಶಾಲೆ ಶುರುವಾಗುತ್ತಿತ್ತು. ಶಿಶುವಿಹಾರಕ್ಕೆ ಈ ಕೋರ್ಸಿನ ಸರ್ಟಿಫಿಕೇಟ್ ಇದ್ದ ಒಬ್ಬ ಶಿಕ್ಷಕಿ ಬೇಕು ಅಂತ ಅವರು ಹೇಳಿ ಕಳಿಸಿದ್ದರು. ಜಗದೇವಿಗೆ ಮದುವೆಗೆ ಮೊದಲು ಡಿ.ಎಡ್. ಸೀಟು ಸಿಕ್ಕಿತ್ತಂತೆ. ಸೇರುವುದರೊಳಗೆ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬಿದ್ದಿತ್ತು.

"ನನಗ ಸಣ್ಣ ಮಕ್ಕಳ ಮುಂದ ನಿಂದರಬೇಕಂತ ಭಾಳ ಆಸೆ ಅದರೀ. ಅಕ್ಕಗ ಆ ನೌಕರಿ ಮ್ಯಾಲ ಅಷ್ಟು ಮನಸಿಲ್ಲ. ನನ್ನ ಸಲುವಾಗೇ ಆಕಿ ಓದಾಕತ್ತಾಳ, ನಾ ಒಬ್ಬಾಕೇ ಓದಿದ್ರ ಅತ್ತಿ ಬ್ಯಾಡ ಅಂತಾರಂತ."

ಆಮೇಲೆ ಏನೋ ನೆನಪಾದವಳಂತೆ ಕೇಳಿದಳು. "ಮೇಡಂ, ಸರ್ಟಿಫಿಕೇಟಿನಾಗ ಅಕ್ಕನ ಹೆಸರು ಮೊದಲ ಬರ್ತದೋ, ನಂದೋ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಇಬ್ಬರಿಗೂ ಬೇರೆ ಬೇರೆ ಖಾತೆ ಇದೆ, ಪಾಳಿಯಂತೆ ಬದಲಿಸಿಕೊಂಡು ಓದುತ್ತಾರೆ ಅಂತ ನಾನು ತಿಳಿದಿದ್ದೆ. ಇದ್ದದ್ದು ಒಂದೇ ಖಾತೆ. ಮೊದಲು ಸೇರಿದವರು ಶಾಂತಾಬಾಯಿ. ಅದೇ ನಂಬರಿನಿಂದ ಜಗದೇವಿ ಸೇರಲು ಹೋದಾಗ "ನಿಮ್ಮ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆ" ಅಂತ ಬಂತಂತೆ.

"ನಂದೂ ಆಗ್ಯದ ಅಂತ ಖುಷಿ ಪಟ್ಟೆ ರೀ. ರೇಷನ್ ಕಾರ್ಡಿನಾಗ ಮನಿ ಮಂದಿ ಎಲ್ಲರ ಹೆಸರೂ ಇರ್ತಾವಲ್ಲ. ಕಾರ್ಡು ಒಂದು, ಹೆಸರು ಎಲ್ಲರದೂ. ಇದೂ ಹಂಗೇ ಅಂತ ತಿಳಕೊಂಡಿದ್ವಿ."

ಯಾವ ದಡ್ಡ ಬರೆದಿದ್ದನೋ ಆ ವಾಕ್ಯವನ್ನು! ಇಷ್ಟು ಸ್ಪಷ್ಟವಾದ ನಿರಾಕರಣೆಯನ್ನು ಇಷ್ಟು ಸಿಹಿಯಾಗಿ ಬರೆದರೆ ಯಾರಾದರೂ ಖುಷಿಯೇ ಪಡುತ್ತಾರೆ. ನಾನು ಅಂಗಳಕ್ಕೆ ಬಂದು, ಸೋರುವ ಸೂರಿನ ಕೆಳಗೆ ನಿಂತು ಆಫೀಸಿನ ಸಾಹೇಬರಿಗೆ ಫೋನು ಹಚ್ಚಿದೆ. ಅವರು ಬೆಂಗಳೂರಿನ ಕಡೆಯವರು, ಸಿಟ್ಟು ಮಾಡುವವರಲ್ಲ.

"ಸೇರುವ ಅವಧಿ ಮುಗಿದುಹೋಗಿದೆಯಲ್ಲ ಮೇಡಂ. ಹೊಸ ನಂಬರ್ ತಂದರೂ ಮುಂದಿನ ತಂಡಕ್ಕೇ ಸೇರಬೇಕು. ಒಂದು ಕೆಲಸ ಮಾಡಬಹುದು. ಪರೀಕ್ಷೆಗೆ ಮುಂಚೆ ಹೆಸರು ತಪ್ಪಾಗಿದ್ದರೆ ತಿದ್ದಿಕೊಳ್ಳೋಕೆ ಒಂದು ಅವಕಾಶ ಬರುತ್ತೆ. ಇಬ್ಬರಲ್ಲಿ ಯಾರು ಅಂತ ಅವರೇ ತೀರ್ಮಾನ ಮಾಡಿಕೊಳ್ಳಲಿ. ಒಂದು ನಂಬರಿಗೆ ಒಂದೇ ಹೆಸರು."

ಮುಂದಿನ ತಂಡದ ಪರೀಕ್ಷೆ ಆಗುವಷ್ಟರಲ್ಲಿ ಶಾಲೆಯವರು ಯಾರನ್ನಾದರೂ ತೆಗೆದುಕೊಂಡಿರುತ್ತಿದ್ದರು. ಒಳಗೆ ಹೋಗಿ ಇಬ್ಬರಿಗೂ ಬಿಡಿಸಿ ಹೇಳಿದೆ. ಶಾಂತಾಬಾಯಿ ಹೆಚ್ಚು ಯೋಚಿಸಲಿಲ್ಲ. "ಆತಲ್ಲ, ಆಕಿ ಹೆಸರು ಹಾಕಿದ್ರಾತು" ಅಂದರು. ಜಗದೇವಿ ಅವತ್ತು ನನ್ನ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದಳು. ನಾನು ನೆಮ್ಮದಿಯಿಂದ ಬಸ್ ಹತ್ತಿದೆ.

ಹೆಸರು ತಿದ್ದುವ ದಿನ ಬೇಕಂತಲೇ ಹೋಗಿದ್ದೆ. ಮಳೆ ಹೊಯ್ಯುತ್ತಿತ್ತು. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಶಾಂತಾಬಾಯಿ ಫೋನು ಹಿಡಿದು ಕಿಟಕಿಗೆ ಒತ್ತಿ ನಿಂತಿದ್ದರು. ಜಗದೇವಿ ಹಿಂದೆ. ಅತ್ತೆ ಎಂದಿನ ಮೂಲೆಯಲ್ಲಿ. ಪರದೆಯ ಮೇಲೆ ಪ್ರಶ್ನೆ ಬಂತು. "ಹೆಸರು ಬದಲಿಸಬೇಕೆ?" ಕೆಳಗೆ ಹೌದು, ಇಲ್ಲ.

ಶಾಂತಾಬಾಯಿ ತಿರುಗಿ ಕೇಳಿದರು. "ಏನವ್ವಾ, ನಿನ್ನ ಹೆಸರು ಹಾಕ್ಲಿ?"

ಅತ್ತೆಯ ಮುಂದೆ, ನನ್ನ ಮುಂದೆ, ಜಗದೇವಿ ಏನು ಹೇಳಬೇಕು? ನಮ್ಮಲ್ಲಿ ಯಾವ ಸೊಸೆಯಾದರೂ ಏನು ಹೇಳುತ್ತಾಳೋ ಅದನ್ನೇ ಹೇಳಿದಳು. "ಬ್ಯಾಡ ಬಿಡಕ್ಕ. ನೀ ದೊಡ್ಡಾಕಿ. ನಿಂದೇ ಇರಲಿ."

ಈ "ಬ್ಯಾಡ" ನಿಜವಾದ ಬೇಡವಲ್ಲ. ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಊಟಕ್ಕೆ ಕೂತವರು ಸಾಕು ಅಂದರೆ ಬಡಿಸುವವರು ಇನ್ನೊಂದು ರೊಟ್ಟಿ ಹಾಕುತ್ತಾರೆ. ತವರಿನವರು ಸೀರೆ ಕೊಟ್ಟರೆ "ಎದಕ್ಕ ಬೇಕಿತ್ತು" ಅಂತ ದೂಡಬೇಕು, ಅವರು ಮತ್ತೆ ಉಡಿಯಲ್ಲಿ ಹಾಕಬೇಕು. ಮೊದಲ ಬೇಡ ಮರ್ಯಾದೆಯದು. ನಿಜವಾದ ಉತ್ತರ ಇರುವುದು ಎರಡನೇ ಸಲ ಕೇಳಿದಾಗ. ಶಾಂತಾಬಾಯಿಗೂ ಇದು ಚೆನ್ನಾಗಿ ಗೊತ್ತಿತ್ತು. ಮತ್ತೊಮ್ಮೆ ಕೇಳಲು ಬಾಯಿ ತೆರೆದೇ ಇದ್ದರು. ಆದರೆ ತಿಂಗಳುಗಟ್ಟಲೆ ಪ್ರಶ್ನೆ ಓದಿ ಉತ್ತರ ಒತ್ತಿ ರೂಢಿಯಾದ ಬೆರಳು, ಬೇಡ ಅಂತ ಕೇಳಿದ್ದೇ ತಡ, "ಇಲ್ಲ" ಅನ್ನುವಲ್ಲಿಗೆ ಹೋಗಿಬಿಟ್ಟಿತ್ತು. ಪರದೆ ಹಸಿರಾಯಿತು. "ಧನ್ಯವಾದಗಳು. ನಿಮ್ಮ ಹೆಸರು ಅಂತಿಮವಾಗಿದೆ."

"ಅಯ್ಯ, ಮತ್ತ ಕೇಳಲೇ ಇಲ್ಲಲ್ಲ ಇದು!" ಶಾಂತಾಬಾಯಿ ಫೋನು ನನ್ನ ಮುಂದೆ ಹಿಡಿದರು. "ಇನ್ನೊಮ್ಮೆ ಕೇಳ್ತದಲ್ಲ, ಆಗ ತಿದ್ದಿದ್ರಾತು ಅನ್ಕೊಂಡಿದ್ನಲ್ರಿ ಮೇಡಂ."

ಆ ಎರಡನೇ ಪ್ರಶ್ನೆಯನ್ನು ಅದೇ ವಾರ ತೆಗೆದಿದ್ದರು. ಜಗದೇವಿಗೂ ಅದು ತಕ್ಷಣ ಹೊಳೆಯಿತು, ನನ್ನ ಕಡೆ ನೋಡಿ ನಕ್ಕಳು. ಅಂಥ ನಗು ಮತ್ತೆ ಯಾರೂ ನನ್ನ ಎದುರು ನಗಬಾರದು. ಆಮೇಲೆ, "ಇರಲಿ ಬಿಡಕ್ಕ, ದೊಡ್ಡಾಕಿ ಹೆಸರೇ ಛಂದ" ಅಂತ ಚಹಾ ಇಡಲು ಹೋದಳು. ಅತ್ತೆ ಅಷ್ಟಕ್ಕೇ ಮಾತು ಮುಗಿಸಿದರು. "ಖರೇ ಅದ. ಹಿರಿಯಾಕಿ ಇರಾಗ ಕಿರಿಯಾಕಿದು ಹೆಂಗ ಹಾಕಾಕ ಬರ್ತದ?" ನಾನು ಸಾಹೇಬರ ಜೊತೆ ಫೋನಿನಲ್ಲಿ ಜಗಳಕ್ಕೇ ನಿಂತೆ. ಅವರು ಪಾಪ ತಮ್ಮ ಮೇಲಿನವರನ್ನೂ ಕೇಳಿ ನೋಡಿದರು. ಒಮ್ಮೆ ಅಂತಿಮವಾದದ್ದನ್ನು ಬಿಚ್ಚುವ ದಾರಿಯನ್ನು ಯಾರೂ ಇಟ್ಟಿರಲಿಲ್ಲ.

ಶಾಂತಾಬಾಯಿ ಪರೀಕ್ಷೆಗೇ ಕೂಡುವುದಿಲ್ಲ ಅಂತ ಹಟ ಹಿಡಿದರು. ಕೂಡಿಸಿದವಳು ಜಗದೇವಿ. ಒಬ್ಬರಾದರೂ ಪಾಸಾಗಬೇಕು ಅಂತ ತಾನೇ ಎದುರು ಕೂತು ಮೊದಲಿನಿಂದ ಎಲ್ಲ ಪಾಠ ಹೇಳಿಕೊಟ್ಟಳು. ಮೊದಲಿನ ನಗು ಮಾತ್ರ ಇರಲಿಲ್ಲ. ಶಾಂತಾಬಾಯಿ ಒಳ್ಳೆಯ ಅಂಕ ತೆಗೆದರು. ಶಾಲೆಯವರು ಅವರನ್ನೇ ಕರೆದರು. ಮನೆಗೆ ಬರುವ ಸಂಬಳವನ್ನು ಬೇಡ ಅನ್ನುವ ಸ್ಥಿತಿ ಆ ಮನೆಯದಲ್ಲ. ಸಂಸ್ಥೆಯ ಪುಸ್ತಿಕೆಯಲ್ಲಿ ಶಾಂತಾಬಾಯಿಯ ಫೋಟೋ ಬಂತು. ಕೆಳಗೆ ಮಾದರಿ ಕಲಿಕಾರ್ಥಿ ಅಂತ ಬರೆದಿದ್ದರು. ಆ ಫೋಟೋದಲ್ಲಿ ಅವರ ಮುಖ ನೋಡಿದರೆ ಯಾರೋ ಬೈದು ನಿಲ್ಲಿಸಿದಂತಿದೆ. ಸಂಸ್ಥೆಯವರನ್ನು ಬೈಯಲು ನನಗೆ ಬಹಳ ಮನಸ್ಸಿದೆ, ಆದರೆ ನ್ಯಾಯವಾಗಿ ನೋಡಿದರೆ ಅವರೂ ನಾವು ಕೇಳಿದ್ದನ್ನೇ ಮಾಡಿದ್ದರು. ಕೊರಗೆಲ್ಲ ಅದಕ್ಕೇ. ತಪ್ಪನ್ನು ಯಾರ ಕುತ್ತಿಗೆಗಾದರೂ ಕಟ್ಟುವಂತಿದ್ದರೆ ಇಷ್ಟು ವರ್ಷ ಇದು ನನ್ನ ಜೊತೆ ಇರುತ್ತಿರಲಿಲ್ಲ.

ಮಳೆ ಹಿಂದೆ ಸರಿಯುವಾಗ ನನ್ನ ಕೆಲಸವೂ ಮುಗಿಯಿತು. ಒಂದೇ ಫೋನನ್ನು ಮನೆಯ ಹಲವರು ಬಳಸುತ್ತಾರೆ ಅಂತ ಕೊನೆಯ ವರದಿಯಲ್ಲಿ ಪುಟಗಟ್ಟಲೆ ಬರೆದೆ. ಅವರು ಓದಿದರು, ಅದನ್ನು ಒಪ್ಪಿದರು ಕೂಡ. ಮುಂದೆ ಆ ಆ್ಯಪಿನಲ್ಲಿ ಒಂದು ನಂಬರಿನಿಂದ ಮನೆಯ ಎಲ್ಲರೂ ಬೇರೆ ಬೇರೆ ಹೆಸರಿನಲ್ಲಿ ಸೇರುವಂತಾಯಿತು. ನಾನು ಸಡಗರದಿಂದ ಜಗದೇವಿಗೆ ಫೋನು ಮಾಡಿದೆ.

"ಈಗ ಪಾಳಿ ಎಲ್ಲಿ ಅದರೀ ಮೇಡಂ?" ಅಂದಳು. "ಅಕ್ಕ ಸಾಲಿಗಿ ಹೋಗ್ತಾಳ. ಒಲಿ ಎಲ್ಲಾ ವಾರನೂ ನಂದೇ. ಮುಂದ ನೋಡೋಣ್ರಿ."

ಆ "ಮುಂದ" ಬರಲೇ ಇಲ್ಲ. ನಾನು ಕಲಬುರಗಿಯ ಒಂದು ಕಾಲೇಜಿಗೆ ಸೇರಿದೆ. ಹಬ್ಬಕ್ಕೊಮ್ಮೆ ಮೆಸೇಜು ಹಾಕುತ್ತಿದ್ದೆ, ಆಮೇಲೆ ಅದೂ ನಿಂತಿತು.

ಕಳೆದ ತಿಂಗಳು ನಾನು ಹೋದಾಗ ಜಗದೇವಿ ಒಬ್ಬಳೇ ಇದ್ದಳು. ಅತ್ತೆ ತೀರಿಕೊಂಡಿದ್ದಾರೆ. ಶಾಂತಾಬಾಯಿ ಶಾಲೆಗೆ ಹೋಗಿದ್ದರು. ನನ್ನನ್ನು ಕಂಡು ಹಿಗ್ಗಿದಳು, ಬಾಳೆಹಣ್ಣು ಕಂಡು ನನ್ನನ್ನು ಚೆನ್ನಾಗಿ ಆಡಿಕೊಂಡಳು. ಅವಳ ಸುತ್ತ ಬಣ್ಣದ ಕಾಗದ, ಕತ್ತರಿ, ಅಂಟು ಹರಡಿತ್ತು. ಮರುದಿನದ ಪಾಠಕ್ಕೆ ಬೆಕ್ಕಿನ ಮುಖವಾಡ ಮಾಡುತ್ತಿದ್ದಳು.

"ಅಕ್ಕಗ ಇದೆಲ್ಲಾ ಮಾಡಾಕ ಪುರಸೊತ್ತಾಗಂಗಿಲ್ಲ ರೀ. ಮುಖವಾಡ, ಕತಿ, ಹಾಡು ಎಲ್ಲಾ ನಾನೇ ಮಾಡಿ ಕೊಡ್ತೀನಿ. ಆಕಿ ಒಯ್ದು ಕಲಸ್ತಾಳ. ರೊಟ್ಟಿ ಕದ್ದ ಬೆಕ್ಕಿನ ಹಾಡು ಒಂದು ಮಾಡೀನಿ, ಮಕ್ಕಳಿಗೆ ಅದು ಭಾಳ ಸೇರ್ತದಂತ."

"ಸಾಲಿಗಿ ಹೋಗಿ ನೋಡೀಯೇನು ಒಮ್ಮೆಯಾದರೂ?" ಅಂತ ಕೇಳಿದೆ.

"ಹೋಗಿದ್ದೆ ರೀ ಒಮ್ಮೆ. ಅಕ್ಕ ಡಬ್ಬಿ ಮರತು ಹೋಗಿದ್ಲು. ಬಾಗಿಲಿಗೆ ಬಂದ್ರ ಒಳಗ ಮಕ್ಕಳು ಅದೇ ಹಾಡು ಹಾಡಾಕತ್ತಿದ್ವು. ಕೇಳಕೋತ ನಿಂತೆ. ನಾ ಬರದದ್ದು ಬೆಕ್ಕು ಒಲಿ ಹಿಂದ ಅಡಗಿತು ಅಂತ. ಅವು ಅಟ್ಟ ಏರಿತು ಅಂತ ಹಾಡಾಕತ್ತಿದ್ವು. ಒಳಗ ಹೋಗಿ ತಿದ್ದಬೇಕಂತ ಕಾಲು ಎತ್ತಿದೆ ರೀ."

"ಆಮ್ಯಾಲ?"

"ಆಯಾ ಬಂದ್ಲು. ಹೊರಗಿನವರು ಒಳಗ ಬರಂಗಿಲ್ರಿ, ಡಬ್ಬಿ ಇಲ್ಲೇ ಕೊಡ್ರಿ ಅಂದ್ಲು. ಕೊಟ್ಟು ಬಂದೆ."

"ಅಕ್ಕಗ ಹೇಳಬೇಕಿತ್ತಲ್ಲ, ಸಾಲು ತಪ್ಪಾಗ್ಯದ ಅಂತ."

ಜಗದೇವಿ ಮುಖವಾಡಕ್ಕೆ ಮೀಸೆ ಅಂಟಿಸಿ, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಬೆರಳಿನಿಂದ ಒತ್ತಿ ನೋಡಿದಳು.

"ಇಲ್ಲ ರೀ. ಮಕ್ಕಳು ಹಂಗೇ ಕಲ್ತುಬಿಟ್ಟಾವ. ಈಗ ನಾನೂ ಮನ್ಯಾಗ ಹಂಗೇ ಹಾಡ್ತೀನಿ."